ಹೆರಿಗೆ ಕೋಣೆಯಲ್ಲಿ ಗಂಡಸಿಗೆ ಏನು ಕೆಲಸ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದವನು. ಬಿಎಸ್ಸಿ ನರ್ಸಿಂಗ್ ಆರನೇ ಸೆಮಿಸ್ಟರ್. ಮುಂದಿನ ವಾರದಿಂದ ಲೇಬರ್ ರೂಮ್ ಪೋಸ್ಟಿಂಗ್. ಮನೆಯಲ್ಲಿ ಹೇಳಿದಾಗ ಅಜ್ಜಿ, "ಗಂಡು ಹುಡುಗ ಸೂಲಗಿತ್ತಿ ಕೆಲಸ ಕಲಿಯುವುದಾ?" ಎಂದು ಕೇಳಿದರು. ಕ್ಲಾಸಿನ ಹುಡುಗರು, "ನಮಗೆ ಇದು ಎಂತಕ್ಕೆ, ಲಾಗ್ ಬುಕ್ ತುಂಬಿದರೆ ಸಾಕು" ಎನ್ನುತ್ತಾರೆ. ನನಗೆ ನಿಜವಾಗಿ ಕಲಿಯುವ ಆಸೆ ಇದೆ. ಗಂಡಸರು ಈ ಕೆಲಸ ಮಾಡಬಹುದಾ? ಇನ್ನೊಂದು ವಿಷಯ. ಅಕ್ಕನಿಗೆ ಈಗ ಎಂಟು ತಿಂಗಳು. ಹೆರಿಗೆ ಹೊತ್ತಿನಲ್ಲಿ ಭಾವ ಜೊತೆಗಿರಬೇಕು ಎಂದು ಅವಳ ಆಸೆ. ಅಮ್ಮನಿಗೆ ಅದು ಸ್ವಲ್ಪವೂ ಇಷ್ಟವಿಲ್ಲ. ಏನು ಮಾಡುವುದು?

ಉತ್ತರ: ಮಾಡಬಹುದು. ಭಾವನೂ ಒಳಗೆ ಹೋಗಬಹುದು. ಎರಡಕ್ಕೂ ಮೊದಲ ಷರತ್ತು ಒಂದೇ, ಹೆರುವವಳು ಒಪ್ಪಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ಇದರ ಸುತ್ತವೇ ಇದೆ.

ನಾನು 31 ವರ್ಷ ಹೆರಿಗೆ ಕೋಣೆಯಲ್ಲಿ ನರ್ಸ್ ಆಗಿದ್ದವಳು. ಮೊದಲು ತಲಪಾಡಿ ಗಡಿಯ ಆಚೆ ಕರ್ನಾಟಕದಲ್ಲಿ, ಆಮೇಲೆ ಈಚೆ ಕೇರಳದಲ್ಲಿ. ಕೊನೆಯ ಕೆಲವು ವರ್ಷ ನಿಮ್ಮಂಥ ಮಕ್ಕಳಿಗೆ ಪಾಠ ಹೇಳಿದ್ದೇನೆ. ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಮಾಡಿದ ಕೆಲಸದ ಲೆಕ್ಕ ಬರೆಯುವ ಆ ಲಾಗ್ ಬುಕ್ ತುಂಬಲು ಬರುವ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಕಲಿಯಬೇಕು ಎಂದು ಬರುವವರು ಕಡಿಮೆ.

ಅಜ್ಜಿಯ ಮಾತಿನಿಂದ ಶುರು ಮಾಡೋಣ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಭಾಷೆಯೇ ಹಾಗಿದೆ. ಸೂಲು ಎಂದರೆ ಹೆರಿಗೆ. ಅದಕ್ಕೆ ‘ಗಿತ್ತಿ’ ಸೇರಿ ಸೂಲಗಿತ್ತಿ. ಮದುವಣಗಿತ್ತಿಯ ಜೊತೆ ಮದುವಣಿಗ ಇದ್ದಾನೆ, ಸೂಲಗಿತ್ತಿಗೆ ಅಂಥ ಜೊತೆ ಪದ ಇಲ್ಲ. ಇಲ್ಲಿನ ಮಲಯಾಳಿಗಳು ಹೇಳುವ ವಯಟ್ಟಾಟ್ಟಿಯೂ ಹೆಣ್ಣೇ. ಇಂಗ್ಲಿಷಿನ ಮಿಡ್‌ವೈಫ್ ಎಂಬ ಪದವೂ ಹಾಗೇ ಕೇಳಿಸುತ್ತದೆ, ಆದರೆ ಅದರ ಕತೆ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಮಿಡ್ ಎಂದರೆ ‘ಜೊತೆ’, ವೈಫ್ ಎಂದರೆ ‘ಹೆಂಗಸು’. ಹೆಂಗಸಿನ ಜೊತೆ ಇರುವವರು ಎಂದು ಅರ್ಥ. ಆ ಹೆಂಗಸು ಹೆರುವವಳು. ಜೊತೆ ಇರುವವರು ಗಂಡೋ ಹೆಣ್ಣೋ ಎಂದು ಪದ ಹೇಳುವುದೇ ಇಲ್ಲ. ಈ ಅರ್ಥ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ. ಮೊದಲೇ ಗೊತ್ತಿದ್ದರೆ ಕೆಲವು ತಪ್ಪು ಮಾಡುತ್ತಿರಲಿಲ್ಲ ಎಂದು ಈಗಲೂ ಅನಿಸುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ.

ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳಿರುತ್ತೀರಿ. ಆಂಧ್ರದ ಗಡಿಗೆ ಅಂಟಿಕೊಂಡ ಆ ತಾಲೂಕಿನಲ್ಲಿ ಅವರು 15,000ಕ್ಕೂ ಜಾಸ್ತಿ ಹೆರಿಗೆ ಮಾಡಿಸಿದರು. ಅದಕ್ಕೆ ದುಡ್ಡು ತೆಗೆದುಕೊಂಡವರಲ್ಲ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರಿಗೆ ಈ ಕೆಲಸ ಹೇಳಿಕೊಟ್ಟದ್ದು ಅವರ ಅಜ್ಜಿ. ಗೊತ್ತಿರುವವರ ಪಕ್ಕದಲ್ಲಿ ನಿಂತು, ನೋಡಿ, ಕೈಗೆ ತಂದುಕೊಂಡ ವಿದ್ಯೆ ಅದು. ಹೆಣ್ಣಾಗಿ ಹುಟ್ಟಿದ ಮಾತ್ರಕ್ಕೆ ಬರುವುದಾಗಿದ್ದರೆ ಪ್ರತಿ ಮನೆಯಲ್ಲೂ ಒಬ್ಬೊಬ್ಬ ನರಸಮ್ಮ ಇರುತ್ತಿದ್ದರು ಅಲ್ವಾ?

ನಮ್ಮ ಕಡೆ ಗಂಡಸರು ಹೆರಿಗೆಯಿಂದ ದೂರವೇ ಇದ್ದರು ಎನ್ನುವುದೂ ಅರ್ಧ ನಿಜ. ನಾನು ಹುಟ್ಟಿದ ರಾತ್ರಿ ಅಪ್ಪ ಸೂಟೆ ಹಿಡಿದುಕೊಂಡು, ತೋಟದ ಸಂಕ ದಾಟಿ ಹೋಗಿ, ಸೂಲಗಿತ್ತಿಯನ್ನು ಕರೆದುಕೊಂಡು ಬಂದರಂತೆ. ಹಂಡೆಗೆ ನೀರು ಹೊತ್ತು ಬೆಂಕಿ ಹಾಕಿದ್ದು ಅಜ್ಜ. ಮಳೆಗಾಲದಲ್ಲಿ ಹೆರಿಗೆ ಕಷ್ಟವಾದರೆ ಕುರ್ಚಿಗೆ ಬಿದಿರು ಕಟ್ಟಿ, ಹೆಂಗಸನ್ನು ಕೂರಿಸಿ, ರಸ್ತೆಯವರೆಗೆ ಹೊತ್ತು ತರುತ್ತಿದ್ದವರೂ ಗಂಡಸರೇ. ಬಾಗಿಲಿನವರೆಗಿನ ಕೆಲಸ ಎಲ್ಲ ಅವರದ್ದು. ಬಾಗಿಲು ದಾಟಿದರೆ ಅಮೆ, ಅಂದರೆ ಹೆರಿಗೆಯ ಮೈಲಿಗೆ.

ಈಗ ಆ ಬಾಗಿಲನ್ನು ಗಂಡು ಡಾಕ್ಟರು ದಾಟಿದರೆ ಯಾರೂ ಏನೂ ಹೇಳುವುದಿಲ್ಲ. "ಅವರ ಕೈಗುಣ ಒಳ್ಳೆಯದು" ಎಂದು ಮಂಗಳೂರಿನವರೆಗೆ ಹುಡುಕಿಕೊಂಡು ಹೋಗುತ್ತೇವೆ. ಅದೇ ಕೋಣೆಯಲ್ಲಿ ಒಬ್ಬ ಬ್ರದರ್, ಅಂದರೆ ಗಂಡು ನರ್ಸ್, ನಿಂತರೆ ಮಾತ್ರ ಮನೆಯವರ ಮುಖ ಬದಲಾಗುತ್ತದೆ. ಯಾಕೆ ಹೀಗೆ ಎಂದು ನಾನು ತುಂಬಾ ಯೋಚಿಸಿದ್ದೇನೆ. ಡಾಕ್ಟರು ಬರುವುದು ಸ್ವಲ್ಪ ಹೊತ್ತಿಗೆ. ನರ್ಸ್ ಗಂಟೆಗಟ್ಟಲೆ ಇರಬೇಕು. ಬೆವರು ಒರೆಸಬೇಕು, ವಾಂತಿಗೆ ಟ್ರೇ ಹಿಡಿಯಬೇಕು, ಒದ್ದೆಯಾದ ಬಟ್ಟೆ ಬದಲಿಸಬೇಕು. ಇದು ಹೆಂಗಸರ ಕೆಲಸ, ಗಂಡಸು ಮಾಡಿದರೆ ಸಣ್ಣವನಾಗುತ್ತಾನೆ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಿಮ್ಮ ಕ್ಲಾಸಿನ ಹುಡುಗರ ಮಾತಿನ ಹಿಂದೆ ಇರುವುದೂ ಇದೇ. ಅವರಿಗೆ ಹೆರಿಗೆಯ ಭಯಕ್ಕಿಂತ ಈ ಸೇವೆಯ ಸಂಕೋಚ ಜಾಸ್ತಿ.

ನಿಯಮದ ವಿಷಯ ಬೇಗ ಹೇಳುತ್ತೇನೆ. ಎಎನ್‌ಎಂ (ಸಹಾಯಕ ನರ್ಸ್ ಮತ್ತು ಮಿಡ್‌ವೈಫ್) ಕೋರ್ಸ್ ಹೆಂಗಸರಿಗೆ ಮಾತ್ರ. ಇಲ್ಲಿನ ಜೆಪಿಎಚ್‌ಎನ್ (ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್) ಕೆಲಸವೂ, ಆಶಾ ಕಾರ್ಯಕರ್ತೆಯ ಕೆಲಸವೂ ಹಾಗೇ. ಅಂದರೆ ಮನೆ ಮನೆಗೆ ಹೋಗಿ ಬಸುರಿಯರನ್ನು ನೋಡುವ ದಾರಿ ಗಂಡಸಿಗೆ ತೆರೆದಿಲ್ಲ. ಆದರೆ ಬಿಎಸ್ಸಿ ನರ್ಸಿಂಗ್ ಹಾಗಲ್ಲ. 2021ರ ಹೊಸ ಸಿಲಬಸ್ ಪ್ರಕಾರ ಆರು ಮತ್ತು ಏಳನೇ ಸೆಮಿಸ್ಟರ್‌ನಲ್ಲಿ ಮಿಡ್‌ವೈಫರಿ ಇದೆ. ನೀವು ಅದರಲ್ಲಿ ಪಾಸಾಗಬೇಕು. ಮುಗಿಸಿದ ಮೇಲೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ನೋಂದಣಿ. ಸರ್ಟಿಫಿಕೇಟಿನಲ್ಲಿ ಆ ಪದ ಇರುವಾಗ ಕೈಯಲ್ಲೂ ಆ ವಿದ್ಯೆ ಇರಬೇಕು.

ಕೆಲಸ ಸಿಗುತ್ತದಾ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಹೆಚ್ಚಿನ ಆಸ್ಪತ್ರೆಗಳು ಗಂಡು ನರ್ಸ್‌ಗಳನ್ನು ಐಸಿಯು, ಕ್ಯಾಶುವಾಲ್ಟಿ, ಥಿಯೇಟರ್, ಡಯಾಲಿಸಿಸ್ ಕಡೆ ಹಾಕುತ್ತವೆ. ಏಮ್ಸ್‌ನಂಥ ಕಡೆ 2019ರಿಂದ ನರ್ಸಿಂಗ್ ಆಫೀಸರ್ ಹುದ್ದೆಗಳಲ್ಲಿ ನೂರಕ್ಕೆ 80 ಹೆಂಗಸರಿಗೆ ಎಂಬ ಲೆಕ್ಕ ಬಂದಿದೆ. ಹೆರಿಗೆ ಕೋಣೆಯಲ್ಲೇ ಇಡೀ ಜೀವನ ಕಳೆಯುವ ಅವಕಾಶ ನಿಮಗೆ ಸುಲಭವಾಗಿ ಸಿಗಲಿಕ್ಕಿಲ್ಲ.

ಹಾಗಾದರೆ ಕಲಿಯುವುದು ಯಾಕೆ? 108 ಆಂಬುಲೆನ್ಸ್ ನೆನಪು ಮಾಡಿಕೊಳ್ಳಿ. ಕೇರಳದಲ್ಲಿ ಅದು ‘ಕನಿವ್ 108’ ಎಂದು 2019ರಿಂದ ಓಡುತ್ತಿದೆ. ಅದರಲ್ಲಿರುವ ಇಎಂಟಿಗಳಲ್ಲಿ, ಅಂದರೆ ತುರ್ತು ಚಿಕಿತ್ಸೆಯ ಸಿಬ್ಬಂದಿಯಲ್ಲಿ, ಗಂಡು ನರ್ಸ್‌ಗಳೂ ಇದ್ದಾರೆ. ಆಂಬುಲೆನ್ಸ್‌ನಲ್ಲೇ ಹೆರಿಗೆಯಾಯಿತು ಎಂಬ ಸುದ್ದಿಯನ್ನು ನೀವೂ ಓದಿರುತ್ತೀರಿ. ಪಾಣತ್ತೂರು ಕಡೆಯ ಘಾಟಿ ತಿರುವಿನಲ್ಲಿ, ರಾತ್ರಿ ಎರಡು ಗಂಟೆಗೆ, ಮಗುವಿನ ತಲೆ ಕಾಣಿಸಿತು ಎಂದಿಟ್ಟುಕೊಳ್ಳಿ. ಆಗ ಗಾಡಿಯಲ್ಲಿರುವುದು ಬ್ರದರ್ ಆದರೂ ಅಮ್ಮ ಅತ್ತೆ ಎಲ್ಲರೂ ಅವನ ಕೈಯನ್ನೇ ನೋಡುತ್ತಾರೆ. ತಲೆ ಒಮ್ಮೆಲೇ ಹೊರಗೆ ಬರದ ಹಾಗೆ ಅಂಗೈಯಲ್ಲಿ ಮೆಲ್ಲನೆ ತಡೆಯಲು, ಕುತ್ತಿಗೆಗೆ ಬಳ್ಳಿ ಸುತ್ತಿದೆಯಾ ಎಂದು ಬೆರಳಿನಲ್ಲಿ ನೋಡಲು, ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಇಡಲು, ಮಾಸು ಬಿದ್ದ ಮೇಲೆ ರಕ್ತ ಜಾಸ್ತಿ ಹೋಗುತ್ತಿದೆಯಾ ಎಂದು ಗುರುತಿಸಲು ಅವನಿಗೆ ಬರಬೇಕು. ಲಾಗ್ ಬುಕ್ಕನ್ನು ಸುಮ್ನೆ ತುಂಬಿದ ಹುಡುಗನಿಗೆ ಆ ತಿರುವಿನಲ್ಲಿ ಏನೂ ನೆನಪಾಗುವುದಿಲ್ಲ.

ಈಗ ನನ್ನ ತಪ್ಪಿನ ವಿಷಯ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನಿದ್ದ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಗೆ ಮನೆಯವರು ಯಾರೂ ಬರುವ ಹಾಗಿರಲಿಲ್ಲ. ಅಡೂರು ಕಡೆಯ ಒಬ್ಬಳು ಹುಡುಗಿ, ಚೊಚ್ಚಲು. ಹದಿನಾಲ್ಕು ಗಂಟೆ ಒಬ್ಬಳೇ ಬೇನೆ ತಿಂದಳು. ನಾವು ಇಬ್ಬರು ನರ್ಸ್‌ಗಳು, ಆರು ಮಂಚ. ಅವಳು ಕೂಗಿದಾಗ "ಸುಮ್ನಿರು, ನಿನಗೊಬ್ಬಳಿಗೇ ಹೆರಿಗೆಯಾ?" ಎಂದು ಗದರಿದೆವು. ನನ್ನ ಜೊತೆಯವಳು ತೊಡೆಗೆ ಹೊಡೆದಳು. ನಾನು ತಡೆಯಲಿಲ್ಲ. ಅವಳ ಗಂಡ ರಾತ್ರಿಯಿಂದ ಹೊರಗಿನ ಬೆಂಚಿನಲ್ಲಿ ಗಂಜಿ ತಿಳಿಯ ಫ್ಲಾಸ್ಕ್ ಹಿಡಿದುಕೊಂಡು ಕೂತಿದ್ದ. ಒಳಗೆ ಏನಾಗುತ್ತಿದೆ ಎಂದು ನಾವು ಅವನಿಗೆ ಒಂದು ಮಾತೂ ಹೇಳಲಿಲ್ಲ. ಹೆರಿಗೆ ಸುಸೂತ್ರ ಆಯಿತು. ಮಗುವನ್ನು ತೋರಿಸಿದಾಗ ಅವಳು ಕೇಳಿದ್ದು, "ಅವರು ಹೊರಗೆ ಇದ್ದಾರಾ, ಹೋದರಾ?" ಎಂದು. ನಾವೆಲ್ಲ ಹೆಂಗಸರೇ ಆ ಕೋಣೆಯಲ್ಲಿ ಇದ್ದದ್ದು. ಅದರಿಂದ ಅವಳಿಗೆ ಏನೂ ಸುಖ ಸಿಗಲಿಲ್ಲ. ಹೆಂಗಸಿನ ನೋವು ಹೆಂಗಸಿಗೆ ಗೊತ್ತಾಗುತ್ತದೆ ಎಂಬ ಮಾತನ್ನು ನಾನು ಅಂದಿನಿಂದ ಹಾಗೇ ನಂಬುವುದನ್ನು ಬಿಟ್ಟೆ.

ಅದಾಗಿ ತುಂಬಾ ವರ್ಷದ ಮೇಲೆ, ಈಚೆ ಕಡೆ, ನನ್ನ ಹತ್ತಿರ ಕಲಿಯಲು ಬಂದ ಒಬ್ಬ ಹುಡುಗ. ಮುಳ್ಳೇರಿಯ ಕಡೆಯವನು. ಆ ದಿನ ಮಂಚದಲ್ಲಿದ್ದವರು ಪುತ್ತೂರಿನಿಂದ ಮದುವೆಯಾಗಿ ಬಂದವರು. ಕನ್ನಡ, ತುಳು ಬಿಟ್ಟರೆ ಮಲಯಾಳ ಒಂದಕ್ಷರ ಬಾರದು. ಡ್ಯೂಟಿಯ ನರ್ಸ್ ಕಣ್ಣೂರಿನವರು, ತುಂಬಾ ಒಳ್ಳೆಯ ಕೆಲಸಗಾರ್ತಿ. ಹುಡುಗ ಬೇನೆ ಇಲ್ಲದ ಹೊತ್ತು ನೋಡಿ, ತಲೆಯ ಹತ್ತಿರ ಹೋಗಿ, "ಅಕ್ಕಾ, ನಾನು ನರ್ಸಿಂಗ್ ಕಲಿಯುವವನು. ನಾನು ಇಲ್ಲಿ ನಿಲ್ಲಬಹುದಾ? ಬೇಡ ಅಂದರೆ ಹೋಗುತ್ತೇನೆ, ನನಗೆ ಬೇಸರ ಇಲ್ಲ" ಎಂದ. ಅವರು ಸ್ವಲ್ಪ ಯೋಚಿಸಿ, "ಇಲ್ಲೇ ತಲೆ ಹತ್ತಿರ ನಿಲ್ಲು" ಎಂದರು. ಅವನು ಅಲ್ಲೇ ನಿಂತ. ಕೆಳಗೆ ಬರಲಿಲ್ಲ.

ಒತ್ತುವ ಹೊತ್ತು ಬಂದಾಗ ನರ್ಸ್, "ಮುಕ್ಕ್, ಮುಕ್ಕ್" ಎಂದು ಹೇಳುತ್ತಾ ಇದ್ದರು. ಮಲಯಾಳದಲ್ಲಿ ಅದು ತಿಣುಕಿ ಒತ್ತು ಎಂದು. ಕನ್ನಡದಲ್ಲಿ ಮುಕ್ಕುವುದು ಎಂದರೆ ಗಬಗಬ ತಿನ್ನುವುದು. ಆ ಹೆಂಗಸು ನೋವಿನಲ್ಲಿ ಕಣ್ಣು ಬಿಟ್ಟು ಎಲ್ಲರ ಮುಖ ನೋಡುತ್ತಿದ್ದರು. ಹುಡುಗ ಬಗ್ಗಿ ಕಿವಿಯ ಹತ್ತಿರ ಹೇಳಿದ, "ಅಕ್ಕಾ, ಮುಕ್ಕರಿಯಿರಿ. ಕಕ್ಕಸಿಗೆ ಕೂತಾಗ ಒತ್ತುವ ಹಾಗೆ ಕೆಳಗೆ ಒತ್ತಿ. ಹಾಂ, ಹಾಗೇ. ಈಗ ಬಿಡಿ. ಉಸಿರು ಬಿಡಿ." ಮೂರು ಸಲ ಒತ್ತಿದ್ದಕ್ಕೆ ಮಗು ಬಂತು. ಅವನು ಆ ದಿನ ಹೆರಿಗೆ ಮಾಡಿಸಲಿಲ್ಲ. ಲಾಗ್ ಬುಕ್ಕಿನಲ್ಲಿ ಬರೆದುಕೊಳ್ಳಲು ಏನೂ ಸಿಗಲಿಲ್ಲ. ಆದರೆ ಅವತ್ತು ಆ ಕೋಣೆಯಲ್ಲಿ ಮಿಡ್‌ವೈಫ್ ಎಂಬ ಪದದ ಕೆಲಸ ಮಾಡಿದವನು ಅವನೇ.

ನಮ್ಮ ಕಾಸರಗೋಡಿನಲ್ಲಿ ಈ ಭಾಷೆಯ ವಿಷಯ ಸಣ್ಣದಲ್ಲ. ಇಲ್ಲಿನ ಕನ್ನಡ, ತುಳು, ಮರಾಟಿ, ಕೊಂಕಣಿ ಮಾತಾಡುವ ಹೆಂಗಸರು ಸಾಮಾನು ತರುವಷ್ಟು ಮಲಯಾಳ ಕಲಿತಿರುತ್ತಾರೆ. ನೋವಿನ ಹೊತ್ತಿಗೆ ಅದೆಲ್ಲ ಮರೆತು ಹೋಗುತ್ತದೆ. ಆಗ ಕಿವಿಗೆ ಬೀಳಬೇಕಾದದ್ದು ಮನೆಯ ಮಾತು. ನಿಮಗೆ ಎರಡು ಮೂರು ಭಾಷೆ ಬರುತ್ತದೆ. ಗಂಡಸು ಎಂಬುದು ನಿಮ್ಮ ಕೊರತೆ ಎಂದು ಯಾರಾದರೂ ಹೇಳಿದರೆ, ಈ ಭಾಷೆಗಳು ನಿಮ್ಮ ಬಲ ಎಂದು ನಾನು ಹೇಳುತ್ತೇನೆ.

ಪೋಸ್ಟಿಂಗ್‌ನಲ್ಲಿ ಹೇಗಿರಬೇಕು ಎಂದು ನನ್ನ ಮಾತು ಕೇಳಿ. ಬೇನೆಯ ನಡುವೆ ಒಪ್ಪಿಗೆ ಕೇಳಬೇಡಿ. ಆ ಹೊತ್ತಿನಲ್ಲಿ ಯಾರೂ ಬೇಡ ಎನ್ನಲಾರರು. ಬೇನೆ ನಿಂತಾಗ, ಮೆಲ್ಲನೆ, ಹೆಸರು ಹೇಳಿಕೊಂಡು ಕೇಳಿ. ಸೀನಿಯರ್ ಸಿಸ್ಟರ್ ಮೊದಲು ಒಬ್ಬರೇ ಹೋಗಿ ಕೇಳಿದರೆ ಇನ್ನೂ ಒಳ್ಳೆಯದು, ಎದುರಿಗೆ ನೀವಿಲ್ಲದಿದ್ದರೆ ಅವರಿಗೆ ಬೇಡ ಎನ್ನುವುದು ಸುಲಭ. ಬೇಡ ಎಂದರೆ ಕಾರಣ ಕೇಳಬೇಡಿ. ಧರ್ಮ ಇರಬಹುದು, ನಾಚಿಕೆ ಇರಬಹುದು, ಹಿಂದೆ ಯಾರೋ ಗಂಡಸು ಕೊಟ್ಟ ನೋವು ಇರಬಹುದು. ಅದು ನಿಮಗೆ ಸಂಬಂಧಪಟ್ಟದ್ದಲ್ಲ. ಒಮ್ಮೆ ಒಪ್ಪಿದವರು ಆಮೇಲೆ ಬೇಡ ಎಂದರೂ ಅದೇ.

ಒಳಗೆ ಕೈ ಹಾಕಿ ಪರೀಕ್ಷೆ ಮಾಡುವಾಗ ಹೆಂಗಸು ಸಿಬ್ಬಂದಿ ಪಕ್ಕದಲ್ಲಿ ಇರಲೇಬೇಕು. ಬಟ್ಟೆ ಹೊದೆಸಿ, ಬೇಕಾದಷ್ಟೇ ಸರಿಸಿ. ಸಾಮಾನ್ಯ ಹೆರಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ ನೋಡಿದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಕಲಿಯುವ ಆಸ್ಪತ್ರೆಗಳಲ್ಲಿ ಲೆಕ್ಕ ತುಂಬಿಸಲು ಒಬ್ಬರ ಹಿಂದೆ ಒಬ್ಬರು ವಿದ್ಯಾರ್ಥಿಗಳು ಪರೀಕ್ಷೆ ಮಾಡುವುದನ್ನು ಕಣ್ಣಾರೆ ನೋಡಿದ್ದೇನೆ. ಹುಡುಗಿಯರೂ ಮಾಡುತ್ತಾರೆ, ಹುಡುಗರೂ ಮಾಡುತ್ತಾರೆ. ದಯವಿಟ್ಟು ನೀವು ಆ ಸಾಲಿನಲ್ಲಿ ನಿಲ್ಲಬೇಡಿ. ಇನ್ನೊಂದು ದಿನ, ಇನ್ನೊಬ್ಬರು ಒಪ್ಪುತ್ತಾರೆ. ಲೆಕ್ಕ ತುಂಬುತ್ತದೆ.

ಗಂಡಸರ ಬಗ್ಗೆ ಹೆಂಗಸರಿಗೆ ಇರುವ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಇದರ ಇತಿಹಾಸ ನಿಮಗೆ ಗೊತ್ತಿರಬೇಕು. ಹದಿನೇಳನೇ ಶತಮಾನದಲ್ಲಿ ಲಂಡನ್ನಿನ ಚೇಂಬರ್ಲೆನ್ ಕುಟುಂಬದ ಗಂಡಸರ ಹತ್ತಿರ ಫೋರ್ಸೆಪ್ಸ್ ಎಂಬ ಇಕ್ಕಳ ಇತ್ತು. ಸಿಕ್ಕಿಕೊಂಡ ಮಗುವನ್ನು ಜೀವಂತ ತೆಗೆಯಬಲ್ಲ ಸಾಧನ ಅದು. ಅವರು ಅದನ್ನು ನೂರು ವರ್ಷಕ್ಕೂ ಜಾಸ್ತಿ ಮನೆಯ ಗುಟ್ಟಾಗಿ ಇಟ್ಟುಕೊಂಡರು. 1813ರಲ್ಲಿ ಆ ಕುಟುಂಬ ಹಿಂದೆ ಇದ್ದ ಮನೆಯ ನೆಲದ ಹಲಗೆಯ ಕೆಳಗೆ ಆ ಇಕ್ಕಳಗಳು ಸಿಕ್ಕಿದವು. ಗುಟ್ಟು ಮಾಡದಿದ್ದರೆ ಎಷ್ಟು ತಾಯಂದಿರು, ಎಷ್ಟು ಮಕ್ಕಳು ಉಳಿಯುತ್ತಿದ್ದರೋ ಎಂದು ಯೋಚಿಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮುಂದೆ ಸಾಧನ ಹಿಡಿದ ಗಂಡಸರು ದೊಡ್ಡವರಾದರು, ಸೂಲಗಿತ್ತಿಯರು ಹಿಂದೆ ಸರಿದರು. 1760ರ ಹೊತ್ತಿಗೇ ಎಲಿಜಬೆತ್ ನೈಹೆಲ್ ಎಂಬ ಸೂಲಗಿತ್ತಿ, ಇವರು ಕಾಯಬೇಕಾದ ಕಡೆ ಎಳೆಯುತ್ತಾರೆ ಎಂದು ಗಟ್ಟಿಯಾಗಿ ಬರೆದರು. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗ ಇದ್ದವು. ಡಾಕ್ಟರುಗಳೂ ಅವರ ವಿದ್ಯಾರ್ಥಿಗಳೂ ಇದ್ದ ವಿಭಾಗದಲ್ಲಿ ಸೂಲಗಿತ್ತಿಯರ ವಿಭಾಗಕ್ಕಿಂತ ತುಂಬಾ ಜಾಸ್ತಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ಅವರು ಹೆರಿಗೆಗೆ ಬರುತ್ತಿದ್ದರು. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ ಮೇಲೆ ಸಾವು ಇಳಿಯಿತು. ಗಂಡಸು ಈ ಕೋಣೆಗೆ ಮೊದಲು ಬಂದದ್ದು ಅಧಿಕಾರ ಹಿಡಿದುಕೊಂಡು. ನೀವು ಹೋಗುವಾಗ ಕೈ ತೊಳೆದು, ಅಪ್ಪಣೆ ಕೇಳಿ ಹೋಗಿ.

ಆ ದೇಶಗಳಲ್ಲೂ ಸೂಲಗಿತ್ತಿಯ ಕೆಲಸ ಗಂಡಸಿಗೆ ಸಿಕ್ಕಿದ್ದು ಮೊನ್ನೆ ಮೊನ್ನೆ. ಫ್ರಾನ್ಸಿನಲ್ಲಿ 1982, ಬ್ರಿಟನ್ನಿನಲ್ಲಿ 1983. ಬ್ರಿಟನ್ನಿನಲ್ಲಿ ಈಗಲೂ ನೂರಕ್ಕೆ ಒಬ್ಬರೂ ಗಂಡಸರಿಲ್ಲ. ಹಾಗಾಗಿ ನೀವು ಒಂಟಿ ಎನಿಸಿದರೆ, ಅದು ನಮ್ಮ ಊರಿನ ಹಿಂದುಳಿದ ಬುದ್ಧಿ ಎಂದು ಬೇಸರ ಮಾಡಿಕೊಳ್ಳಬೇಡಿ.

ಇನ್ನು ಅಕ್ಕ, ಭಾವನ ವಿಷಯ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಬೇನೆಯ ಹೊತ್ತಿನಲ್ಲಿ ಹೆಂಗಸಿನ ಜೊತೆ ಬಿಡದೆ ಒಬ್ಬರು ಇರಬೇಕು. 17 ದೇಶಗಳ 15,000ಕ್ಕೂ ಜಾಸ್ತಿ ಹೆಂಗಸರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಕಾಕ್ರೇನ್ ಸಂಸ್ಥೆ ನೋಡಿತು. ಜೊತೆಗೆ ಜನ ಇದ್ದವರಿಗೆ ಸಹಜ ಹೆರಿಗೆ ಜಾಸ್ತಿ, ಸಿಸೇರಿಯನ್ ಕಡಿಮೆ, ಬೇನೆಯ ಹೊತ್ತು ಸರಾಸರಿ 40 ನಿಮಿಷದಷ್ಟು ಕಡಿಮೆ. ಕೇರಳದಲ್ಲಿ 2019–21ರ ಸಮೀಕ್ಷೆ ಪ್ರಕಾರ ನೂರಕ್ಕೆ ಸುಮಾರು 39 ಹೆರಿಗೆ ಸಿಸೇರಿಯನ್. ದೇಶದ ಲೆಕ್ಕ ಸುಮಾರು 21. ಇಂಥ ಕಡೆ ಒಂದು ಕೈ ಹಿಡಿಯುವುದರಿಂದ ಇಷ್ಟು ಸಿಗುತ್ತದೆ ಎಂದರೆ ಬಿಡುವುದು ಯಾಕೆ?

ಸರಕಾರವೂ ಒಪ್ಪಿದೆ. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಜೊತೆಗಾರರನ್ನು ಬಿಡಬಹುದು ಎಂದಿತು. ಹೆತ್ತು ಅನುಭವ ಇರುವ ಹೆಂಗಸು ಇರಲಿ ಎಂಬುದು ಮೊದಲ ಮಾತು. ಹೆರಿಗೆ ಕೋಣೆಯಲ್ಲಿ ಮರೆ ಇದ್ದರೆ ಗಂಡನೂ ಇರಬಹುದು. ಜೊತೆಗಾರರಿಗೆ ಅಂಟುವ ಕಾಯಿಲೆ ಇರಬಾರದು, ಬಟ್ಟೆ ಶುಚಿಯಾಗಿರಬೇಕು, ಕೊನೆಯವರೆಗೆ ಇರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು, ಪಕ್ಕದ ಮಂಚದ ಹೆಂಗಸರ ಹತ್ತಿರ ಹೋಗಬಾರದು. ಹೆರಿಗೆ ಕೋಣೆಗಳ ಗುಣಮಟ್ಟ ಹೆಚ್ಚಿಸಲು 2017ರ ಕೊನೆಗೆ ಬಂದ ‘ಲಕ್ಷ್ಯ’ ಯೋಜನೆಯಲ್ಲೂ, 2018ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲೂ ಜೊತೆಗಾರರು ಇರಲಿ ಎಂದೇ ಇದೆ.

ಆ ಮರೆಯ ಮಾತನ್ನು ಗಮನಿಸಿ. ನಾಲ್ಕು ಮಂಚದ ನಡುವೆ ಪರದೆಯೇ ಇಲ್ಲದ ಕೋಣೆಯಾದರೆ ಭಾವ ಒಳಗೆ ಹೋಗುವುದು ಸರಿಯಲ್ಲ. ಅಕ್ಕ ಒಪ್ಪಿದರೂ ಪಕ್ಕದವರು ಒಪ್ಪಿಲ್ಲ. ಅಂಥ ಕಡೆ ಅಮ್ಮನೇ ಒಳಗಿರಲಿ. ಬೇನೆ ಶುರುವಾಗಿ ವಾರ್ಡಿನಲ್ಲಿ, ಕಾರಿಡಾರಿನಲ್ಲಿ ಅಡ್ಡಾಡುವ ಗಂಟೆಗಳು ಬೇಕಾದಷ್ಟು ಇರುತ್ತವೆ. ಆ ಹೊತ್ತು ಭಾವನದ್ದಾಗಲಿ.

ಅಮ್ಮನ ಆತಂಕವನ್ನೂ ತಳ್ಳಿಹಾಕಬೇಡಿ. ಫ್ರಾನ್ಸಿನ ಹೆರಿಗೆ ತಜ್ಞ ಮಿಷೆಲ್ ಓಡೆಂಟ್ ಕೂಡ ಗಂಡಸರು ಹೆರಿಗೆಯ ಹತ್ತಿರ ಇರಬಾರದು ಎನ್ನುತ್ತಿದ್ದವರು. ಹೆರುವವಳಿಗೆ ಮರೆ, ಮೌನ, ನೆಮ್ಮದಿ ಬೇಕು. ಗಾಬರಿಯಾದ ಗಂಡ ಪಕ್ಕದಲ್ಲಿದ್ದರೆ ಅವಳಿಗೂ ಗಾಬರಿ ಹತ್ತುತ್ತದೆ, ಬೇನೆ ನಿಧಾನವಾಗುತ್ತದೆ ಎಂಬುದು ಅವರ ವಾದ. ಎಲ್ಲ ಗಂಡಸರಿಗೂ ಹಾಗೆ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಗಾಬರಿ ಹತ್ತುವುದು ನಿಜ, ನೋಡಿದ್ದೇನೆ. ಐದು ನಿಮಿಷಕ್ಕೊಮ್ಮೆ "ಇನ್ನೆಷ್ಟು ಹೊತ್ತು ಸಿಸ್ಟರ್?" ಎಂದು ಕೇಳುವ ಗಂಡನಿಗಿಂತ ಮೂಲೆಯಲ್ಲಿ ಜಪ ಮಾಡುತ್ತಾ ಕೂರುವ ಅತ್ತೆ ಮೇಲು. ಹಾಗಾಗಿ ಭಾವನನ್ನು ಮೊದಲೇ ತಯಾರು ಮಾಡಿ. ಅದು ನಿಮ್ಮ ಕೆಲಸ, ನಿಮಗೆ ಪಾಠ ಗೊತ್ತು.

ಅವರಿಗೆ ಹೀಗೆ ಹೇಳಿ. ಚೊಚ್ಚಲು ಹೆರಿಗೆ ನಿಧಾನ. ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆದ ಮೇಲೂ ಪೂರ್ತಿ ಹತ್ತಕ್ಕೆ ಬರಲು ಹನ್ನೆರಡು ಗಂಟೆಯವರೆಗೆ ಹಿಡಿಯಬಹುದು. ಅಷ್ಟು ಹೊತ್ತು ನಿಲ್ಲಬೇಕಾದರೆ ಮೊದಲು ಅವರು ಊಟ ಮಾಡಿರಬೇಕು. ಖಾಲಿ ಹೊಟ್ಟೆಯಲ್ಲಿ ತಲೆ ತಿರುಗಿ ಬಿದ್ದ ಗಂಡಂದಿರನ್ನು ಎತ್ತಿದ್ದೇನೆ. ಅಕ್ಕನ ತಲೆಯ ಕಡೆ ಕೂರಬೇಕು. ಬೇನೆ ಬಂದಾಗ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಕಡೆ, ಅಂಗೈಯ ಬುಡದಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಬೇನೆ ಹೋದಾಗ ಬಿಡಬೇಕು. ಎಷ್ಟು ಗಟ್ಟಿ ಎಂದು ಅಕ್ಕ ಹೇಳುತ್ತಾಳೆ. ಡಾಕ್ಟರು ಬೇಡ ಎನ್ನದಿದ್ದರೆ ಗುಟುಕು ಗುಟುಕು ನೀರು, ಎಳನೀರು ಕೊಡಬಹುದು. ಎಬ್ಬಿಸಿ ನಡೆಸಬಹುದು. ಅವಳು ನಿಲ್ಲಬೇಕು ಎಂದರೆ ತನ್ನ ಹೆಗಲು ಕೊಡಬೇಕು. "ಅಳಬೇಡ" ಎನ್ನಬಾರದು. ಅತ್ತರೆ ಅಳಲಿ. ಅವಳು "ಮುಟ್ಟಬೇಡಿ, ಹೋಗಿ" ಎಂದು ರೇಗಿದರೆ ಕೈ ತೆಗೆದು ಸುಮ್ನೆ ಪಕ್ಕದಲ್ಲೇ ಇರಬೇಕು. ಮಗು ಹೊರಗೆ ಬರುವ ಹೊತ್ತಿಗೆ ಕೆಲವರಿಗೆ ಹಾಗೆ ಆಗುತ್ತದೆ, ಅದು ಸಿಟ್ಟಲ್ಲ. ಫೋನು ಪೂರ್ತಿ ಜೇಬಿನಲ್ಲಿ ಇರಬೇಕು, ವಿಡಿಯೋ ಬೇಡವೇ ಬೇಡ. ಸಿಸ್ಟರ್ ಹೊರಗೆ ಹೋಗಿ ಎಂದರೆ ತಕ್ಷಣ ಹೋಗಬೇಕು, ವಾದ ಮಾಡಬಾರದು. ಸಿಸೇರಿಯನ್‌ಗೆ ಹೋದರೆ ಥಿಯೇಟರ್ ಒಳಗೆ ಸಾಮಾನ್ಯವಾಗಿ ಬಿಡುವುದಿಲ್ಲ, ಅದನ್ನೂ ಮೊದಲೇ ಗೊತ್ತು ಮಾಡಿಕೊಂಡಿರಲಿ.

ಅಮ್ಮನ ಹತ್ತಿರ ವಾದಕ್ಕೆ ಹೋಗಬೇಡಿ. ಒಂದು ಸಂಜೆ ಅಮ್ಮ, ಅಜ್ಜಿ, ಅಕ್ಕ ಮೂವರೂ ಇರುವಾಗ ಅಜ್ಜಿಯನ್ನು ಕೇಳಿ. ಅವರ ಹೆರಿಗೆಗಳಲ್ಲಿ ಯಾರು ಹತ್ತಿರ ಇದ್ದರು, ಯಾರು ಇರಬೇಕಿತ್ತು ಅನಿಸಿತು ಎಂದು ಕೇಳಿ. ಕೇಳಿ ಸುಮ್ನೆ ಕೂತುಕೊಳ್ಳಿ. ನಾನು ಎಷ್ಟೋ ಅಜ್ಜಿಯರನ್ನು ಹೀಗೆ ಕೇಳಿದ್ದೇನೆ. ಹೆಚ್ಚಿನವರು ತಮ್ಮ ಅಮ್ಮನ ಹೆಸರು ಹೇಳುತ್ತಾರೆ. ಕೆಲವರು ಸ್ವಲ್ಪ ಹೊತ್ತು ಬಿಟ್ಟು, ತಗ್ಗಿದ ದನಿಯಲ್ಲಿ, ಗಂಡನ ಹೆಸರು ಹೇಳುವುದಿಲ್ಲ, "ಇವರು" ಎನ್ನುತ್ತಾರೆ. ಅಜ್ಜಿ ಏನೇ ಹೇಳಲಿ, ಆಮೇಲೆ ಅಕ್ಕ ತನಗೆ ಯಾರು ಬೇಕು ಎಂದು ತಾನೇ ಹೇಳಲಿ. ಅಮ್ಮನೂ ಭಾವನೂ ಇಬ್ಬರೂ ಬೇಕು ಎಂದರೂ ಆಸ್ಪತ್ರೆ ಸಾಮಾನ್ಯವಾಗಿ ಒಬ್ಬರನ್ನೇ ಬಿಡುತ್ತದೆ. ಸರದಿ ಬದಲಿಸಬಹುದಾ ಎಂದು ಕೇಳಿ ನೋಡಿ.

ಈ ವಾರವೇ ಅಕ್ಕ ತೋರಿಸುತ್ತಿರುವ ಆಸ್ಪತ್ರೆಗೆ ಹೋಗಿ, ಹೆರಿಗೆ ಕೋಣೆಯ ಮುಖ್ಯ ಸಿಸ್ಟರ್ ಹತ್ತಿರ ಮಾತಾಡಿ. ಜೊತೆಗಾರರನ್ನು ಬಿಡುತ್ತೀರಾ, ಗಂಡನನ್ನು ಬಿಡುತ್ತೀರಾ, ಪರದೆ ಇದೆಯಾ, ಕನ್ನಡ ಬರುವ ಸಿಬ್ಬಂದಿ ಇದ್ದಾರಾ ಎಂದು ಕೇಳಿ. ಮಂಗಳೂರಿನಲ್ಲಿ ತೋರಿಸುತ್ತಿದ್ದರೂ ಈಚೆಯ ಒಂದು ಆಸ್ಪತ್ರೆಯನ್ನು ನೋಡಿಟ್ಟುಕೊಳ್ಳಿ. 2020ರಲ್ಲಿ ಕೊರೊನಾ ಹೊತ್ತಿಗೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ನಮ್ಮವರು ಪಟ್ಟ ಪಾಡು ಮರೆಯುವ ಹಾಗಿಲ್ಲ, ಮತ್ತೆ ಹೆದ್ದಾರಿಯಲ್ಲಿ ಒಂದು ಲಾರಿ ಅಡ್ಡ ಬಿದ್ದರೂ ಗಂಟೆ ಹೋಗುತ್ತದೆ. ಬೇನೆ ಐದು ನಿಮಿಷಕ್ಕೊಮ್ಮೆ ಬರುತ್ತಿದ್ದರೆ, ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಮಿಸುಕಾಟ ಕಡಿಮೆ ಅನಿಸಿದರೆ ಕಾಯದೆ ಹೊರಡಿ. ಅಕ್ಕನ ಚೀಲ ಈಗಲೇ ತುಂಬಿಸಿಡಿ. ಸ್ಕ್ಯಾನ್ ರಿಪೋರ್ಟ್, ಕಾರ್ಡು, ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಸೀರೆಯ ತುಂಡುಗಳು, ಮಗುವಿಗೆ ಟೊಪ್ಪಿ. ಅದೇ ಚೀಲದಲ್ಲಿ ಭಾವನಿಗೂ ಒಗೆದ ಬಟ್ಟೆ ಒಂದು ಜೊತೆ ಇಡಿ.